ಗಾಳೆವ್ವನ ಹೊಟ್ಟೆ ಮುಟ್ಟಿ ನೋಡಲಿಲ್ಲ

ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ

ಮಾನ್ಯರೇ,

ನವಲಗುಂದ ತಾಲ್ಲೂಕಿನ ನಮ್ಮೂರ ಸರಕಾರಿ ದವಾಖಾನೆಯ ಡಾಕ್ಟರು ರೋಗಿಗಳನ್ನು ಜಾತಿ ನೋಡಿ ಮುಟ್ಟುತ್ತಾರೆ. ಅವರು ಮುಟ್ಟದೆ ಬಿಟ್ಟ ಗಾಳೆವ್ವ ಎಂಬ ಹರೆಯದ ಹುಡುಗಿ ಕಳೆದ ಶ್ರಾವಣದಲ್ಲಿ ಸತ್ತಳು. ನಾನು ಕೊಟ್ಟ ಅರ್ಜಿಗೆ ತಮ್ಮ ಕಚೇರಿ, ‘ರೋಗಿಯು ತಡವಾಗಿ ಬಂದುದೇ ಮರಣಕ್ಕೆ ಕಾರಣ’ ಎಂದು ಉತ್ತರಿಸಿತು. ಆದ್ದರಿಂದ ಈಗ ನಾಲ್ಕು ಜನ ಓದಲೆಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ತಮ್ಮ ಡಾಕ್ಟರಿಗೆ ವಿದ್ಯೆ ಸಾಲದು ಎಂಬುದು ನನ್ನ ದೂರಲ್ಲ. ಬೇಸಿಗೆಯಲ್ಲಿ ತವರಿಗೆ ಬಂದಿದ್ದ ನನ್ನ ಮಗಳು ರೇವವ್ವ ಹೊಟ್ಟೆನೋವಿನಿಂದ ಹೊರಳಾಡಿದಾಗ ಅವರು ಮಂಚದ ಮೇಲೆ ಮಲಗಿಸಿ, ಬಲಗಡೆ ಕೆಳಹೊಟ್ಟೆ ಒತ್ತಿ ನೋಡಿದರು. ಅವಳು ಚೀರಿದಳು. “ಅಪೆಂಡಿಕ್ಸ್ ಐತ್ರಿ, ಈಗಿಂದೀಗ ಕೊಯ್ಯಬೇಕು” ಎಂದು ದವಾಖಾನೆಯ ಜೀಪಿನಲ್ಲೇ ಹುಬ್ಬಳ್ಳಿಗೆ ಕಳಿಸಿದರು. ಮಗಳು ಬದುಕಿದಳು. ಅವರ ಕೈಗೆ ನಾನು ಇಂದಿಗೂ ಋಣಿ. ಆದರೆ ನಮ್ಮದು ಹೊಲಮನೆಯುಳ್ಳ ಲಿಂಗಾಯತರ ಕುಟುಂಬ.

ಗಾಳೆವ್ವ ಮಾದರ ಓಣಿಯವಳು. ನಮ್ಮ ಹೊಲಕ್ಕೆ ಕಸ ತೆಗೆಯಲು ಬರುತ್ತಿದ್ದಳು. ಒಂದು ಬೆಳಿಗ್ಗೆ ಸಾಲಿನ ನಡುವೆ ಹೊಟ್ಟೆ ಹಿಡಿದು ಕುಸಿದಳು. ಅದೇ ಬಲಗಡೆ, ಅದೇ ವಾಂತಿ. ಅವಳ ತಾಯಿ ದುರಗವ್ವನೊಡನೆ ನಾನೂ ದವಾಖಾನೆಗೆ ಹೋದೆ. ತಾಯಿ-ಮಗಳು ಕಟ್ಟೆಯ ಕೆಳಗೇ ನಿಲ್ಲಬೇಕಾಯಿತು. ಡಾಕ್ಟರು ಒಳಗೆ ಕುರ್ಚಿಯಲ್ಲಿ ಕೂತೇ ರೋಗ ಕೇಳಿದರು. ಕಂಪೌಂಡರು ಹುಡುಗಿಯ ಸೆರಗಿಗೆ ಮೇಲಿನಿಂದ ಗುಳಿಗೆ ಹಾಕಿದ.

“ಸಾಹೇಬ್ರ, ನನ್ನ ಮಗಳದು ಒತ್ತಿ ನೋಡಿದ್ರೆಲ್ಲಾ, ಹಂಗ ಈಕೀದೂ ನೋಡ್ರಿ” ಎಂದೆ.

“ನಿಮಗ್ಯಾಕ ಇದರ ಉಸಾಬರಿ ಅವ್ವಾರ? ಹುಳದ ಕಾಟ ಅದು. ಈ ಮಂದಿ ಸಿಕ್ಕಿದ್ದೆಲ್ಲಾ ತಿಂತಾರ.”

ಜೀಪು ಕೇಳಿದೆ. ಕೆಟ್ಟಿದೆ ಎಂದರು. ಆ ಸಂಜೆ ಅದೇ ಜೀಪು ಡಾಕ್ಟರ ಬೀಗರನ್ನು ಅಣ್ಣಿಗೇರಿ ಸ್ಟೇಷನ್ನಿಗೆ ಬಿಟ್ಟುಬಂತು. ಕೆಟ್ಟ ಜೀಪು ಬೀಗರನ್ನು ಕಂಡರೆ ರಿಪೇರಿಯಾಗುವ ಈ ಚಮತ್ಕಾರವನ್ನೂ ತಮ್ಮ ಇಲಾಖೆ ವಿಚಾರಿಸಬಹುದಲ್ಲವೇ?

ಹುಬ್ಬಳ್ಳಿಗೆ ಒಯ್ಯಲು ಚಕ್ಕಡಿ ಹೂಡಿಸುತ್ತೇನೆಂದರೆ ದುರಗವ್ವ ಒಪ್ಪಲಿಲ್ಲ. “ಕಲತವರು ಹುಳ ಅಂದ್ರ ಹುಳಾನ ಇರಬೇಕ್ರಿ” ಎಂದು ಮಗಳನ್ನು ಮನೆಗೆ ಕರೆದೊಯ್ದಳು. ಡಾಕ್ಟರನ್ನು ಅಷ್ಟು ನಂಬಿದ್ದಳು. ಮರುದಿನ ಹುಡುಗಿಯ ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಆಗ ಚಕ್ಕಡಿ ಹೂಡಿಸಿ ಹುಬ್ಬಳ್ಳಿಗೆ ಹೊರಟೆವು. ಎರೆಮಣ್ಣಿನ ಕೆಸರಲ್ಲಿ ಗಾಲಿ ಹೂತುಹೂತು ನಿಲ್ಲುತ್ತಿತ್ತು. ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದ ಗಾಳೆವ್ವ ಕೇಳಿದಳು:

“ಅವ್ವಾರ, ಹೊಟ್ಟಿ ಕೊಯ್ಯುವಾಗ ರೇವಕ್ಕಗ ಭಾಳ ನೋವಾತೇನ್ರಿ?”

“ಇಲ್ಲ ಮಗಳ, ನಿದ್ದಿ ಬರಿಸ್ತಾರ. ಎಚ್ಚರಾಗೂದ್ರಾಗ ಎಲ್ಲಾ ಮುಗದಿರತೈತಿ.”

“ಹಂಗಾದ್ರ ನಾ ಅಂಜೂದಿಲ್ರಿ.”

ಹುಬ್ಬಳ್ಳಿಯಲ್ಲಿ ದೊಡ್ಡ ಡಾಕ್ಟರು ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ಅಪೆಂಡಿಕ್ಸ್ ಒಳಗೇ ಒಡೆದಿದೆ ಎಂದರು. ಕೊಯ್ದರೂ ಅವಳು ಉಳಿಯಲಿಲ್ಲ.

ತಡವಾಗಿ ಬಂದಳಂತೆ! ನೋವು ಬಂದ ಗಳಿಗೆಯಲ್ಲೇ ತಮ್ಮ ದವಾಖಾನೆಯ ಅಂಗಳದಲ್ಲಿ ನಿಂತಿದ್ದವಳು ಇನ್ನೆಷ್ಟು ಬೇಗ ಬರಬೇಕಿತ್ತು? ಸ್ವಾತಂತ್ರ್ಯ ಬಂದು ಇಪ್ಪತ್ತೇಳು ವರ್ಷವಾಯಿತು. ಅಸ್ಪೃಶ್ಯತೆ ಅಪರಾಧವೆಂಬ ಕಾಯಿದೆ ತಮ್ಮ ಕಚೇರಿಗೂ ತಲುಪಿರಬೇಕು. ಒಂದೇ ರೋಗ, ಒಂದೇ ಡಾಕ್ಟರು. ನನ್ನ ಮಗಳು ಗಂಡನ ಮನೆಯಲ್ಲಿದ್ದಾಳೆ, ದುರಗವ್ವನ ಮಗಳು ಮಣ್ಣಿನಲ್ಲಿದ್ದಾಳೆ.

ಆ ಡಾಕ್ಟರನ್ನು ಬೇರೆ ಊರಿಗೆ ವರ್ಗ ಮಾಡಿ ಕೈ ತೊಳೆದುಕೊಳ್ಳಬೇಡಿ. ಮಾದರ ಓಣಿ ಅಲ್ಲಿಯೂ ಇರುತ್ತದೆ. ಬಹಿರಂಗ ವಿಚಾರಣೆ ನಡೆಸಿ. ಪ್ರತಿ ರೋಗಿಯನ್ನೂ ಒಳಗೆ ಕರೆದು, ಮಂಚದ ಮೇಲೆ ಮಲಗಿಸಿ, ಮುಟ್ಟಿ ನೋಡಬೇಕೆಂದು ಹುಕುಂ ಹೊರಡಿಸಿ. ಆಮೇಲೆ ದುರಗವ್ವನ ಮನೆಗೆ ಖುದ್ದಾಗಿ ಬನ್ನಿ. ಮಣ್ಣು ಮಾಡಿ ಬಂದ ದಿನ ಅವಳು ನನ್ನನ್ನು ಕೇಳಿದ ಮಾತಿಗೆ ತಾವೇ ಉತ್ತರ ಕೊಡಿ:

“ಒಮ್ಮೆ ಮುಟ್ಟಿದ್ರ ಅವರು ಮನೀಗೆ ಹೋಗಿ ಜಳಕಾ ಮಾಡತಿದ್ರು. ಅಷ್ಟ ಅಲ್ಲೇನ್ರಿ ಅವ್ವಾರ?”

ಇಂತಿ,
ರೇವವ್ವನ ತಾಯಿ
ಕಸ್ತೂರೆವ್ವ