ರೇಡಿಯೋ ಸುಮ್ಮನಾದದ್ದು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಇವಳೇ,

ಹೇಗಿದ್ದೀಯ ಎಂದು ಕೇಳುವುದಕ್ಕೇ ನಾಚಿಕೆಯಾಗುತ್ತಿದೆ. ಆಸ್ಪತ್ರೆ ಸೇರಿದ ಹೆಂಡತಿಗೆ ನಾಲ್ಕು ಸಾಲು ಬರೆಯಲು ಇಷ್ಟು ತಡ ಮಾಡಿದ್ದೇನೆ. ಬೈದುಕೋ. ಫೋನಿದ್ದೂ ಕಾಗದ ಯಾಕೆ ಎಂದು ಹುಬ್ಬು ಹಾರಿಸಬೇಡ, ಕೊನೆಗೆ ಹೇಳುತ್ತೇನೆ.

ಮನೆ ಹೇಗೋ ನಡೆಯುತ್ತಿದೆ. ಒಲೆಯ ಮೇಲಿಟ್ಟದ್ದನ್ನು ಮರೆತು ಎರಡು ಪಾತ್ರೆ ಸೀದು ಹೋದವು. ಒಂದು ನಿನ್ನ ತವರಿನದು. ಅದನ್ನು ಬಚ್ಚಿಟ್ಟಿದ್ದೇನೆ.

ಆಫೀಸಿನ ಹೊಸ ಕಾರ್ಡಾಟದ ಕೆಲಸ ಮುಗಿಯುತ್ತ ಬಂತು. ಆಟದೊಳಗಿನ, ಗಾಳಿಯನ್ನೂ ಅಳೆದು ಮಾರುವ ಆ ಹಾಳು ನಗರ ನಿನಗೆ ಗೊತ್ತೇ ಇದೆ. ಆಡುವವರು ಅಲ್ಲಿನ ಜನರಾಗಿ ಬದುಕಬೇಕು. ಅವರು ನೆರವಿಗೆ ಕರೆಯುವುದಕ್ಕೆ ಪುರಾಣಗಳಿಂದ ಭೂತ, ಯಕ್ಷರನ್ನು ಎತ್ತಿ ತಂದು, ಒಬ್ಬೊಬ್ಬರಿಗೂ ಒಂದು ಶಕ್ತಿ ಕೊಟ್ಟು ಕಾರ್ಡು ಬರೆಯುವುದು ನನ್ನ ಪಾಲಿನ ಕೆಲಸ. ಕೊಳದ ಯಕ್ಷನನ್ನು ನಗರದ ಕೊನೆಯ ನಲ್ಲಿಯ ಪಕ್ಕ ಕೂರಿಸಿದ್ದೇನೆ. ಅವನ ಪ್ರಶ್ನೆಗೆ ಉತ್ತರಿಸದೆ ನೀರು ಕುಡಿದವರು ಅಲ್ಲೇ ಉರುಳುತ್ತಾರೆ. ನಾಗಗಳಿಗೆ ಚರಂಡಿಯ ಕೊಳವೆಗಳಲ್ಲಿ ಜಾಗ ಸಿಕ್ಕಿದೆ. ನಮ್ಮ ಯಜಮಾನರದ್ದು ಮಾತ್ರ ಒಂದೇ ರಾಗ: “ಪುಕ್ಕಟೆ ಶಕ್ತಿ ಕೊಡ್ಬೇಡ್ರೀ. ಅದಕ್ಕೆ ಬೆಲೆ ಏನು, ಅದನ್ನ ಮೊದ್ಲು ಬರೀರಿ. ಈ ಊರಲ್ಲಿ ಯಾರಿಗೂ ಆಸೆ ಮಿಗಬಾರ್ದು.”

ಹಾಗೆ ಹುಟ್ಟಿದವನು ‘ಮೌನಿ’. ತಪಸ್ಸಿಗೆ ಕೂತವರಿಗೆ ದೇವರು ವರ ಕೊಡಲೇಬೇಕಲ್ಲ, ಆ ಎಳೆ ಹಿಡಿದೆ. ಮೌನಿಯನ್ನು ಕರೆದವರು ಬಾಯಿ ಬಿಡದೆ ಇದ್ದಷ್ಟು ದಿನವೂ ಅವರ ಪ್ರೀತಿಯ ಒಬ್ಬರ ಉಸಿರು ನಿಲ್ಲುವುದಿಲ್ಲ. ಒಂದು ಮಾತಾಡಿದರೂ ಕೊಟ್ಟ ಉಸಿರೆಲ್ಲ ಒಮ್ಮೆಲೇ ವಾಪಸ್. ಯಜಮಾನರು ಬೆನ್ನು ತಟ್ಟಿದರು. ಎಂದಿನಂತೆ ಕಾರ್ಡನ್ನು ಮನೆಗೆ ತಂದು ಮಗಳ ಜೊತೆ ಆಡಿ ನೋಡಿದೆ. “ಸೂಪರ್ ಅಪ್ಪಾ” ಅಂದಳು. ಆಮೇಲೆ ಮಾತಿಲ್ಲ.

ಹೌದು ಕಣೇ. ನಮ್ಮ ರೇಡಿಯೋ ಸುಮ್ಮನಾಗಿದೆ. ನಿದ್ದೆಯಲ್ಲೂ ವಟಗುಟ್ಟುತ್ತಾಳೆಂದು ನೀನೇ ಇಟ್ಟ ಹೆಸರು. “ಫೋನಿಗ್ಯಾಕೆ ಬರಲ್ಲ ಅವ್ಳು? ಬಿಟ್ಟು ಬಂದೆ ಅಂತ ಸಿಟ್ಟೇನ್ರೀ?” ಎಂದು ನೀನು ಕೇಳಿದಾಗೆಲ್ಲ ಸ್ನಾನ, ಹೋಂವರ್ಕು ಎಂದು ಏನೇನೋ ಹೇಳಿ ಜಾರಿಕೊಂಡೆ. ಸಿಟ್ಟಲ್ಲ. ಶಾಲೆಯಲ್ಲೂ ತುಟಿ ಬಿಚ್ಚುತ್ತಿಲ್ಲವೆಂದು ಟೀಚರ್ ಕರೆಸಿದರು. ಮನೆಗೆ ಬಂದು ಗದರಿಸಿದೆ. ದಿಂಬಿನ ಕೆಳಗಿಂದ ಮೌನಿಯ ಕಾರ್ಡು ತೆಗೆದು ನನ್ನ ಕೈಗಿಟ್ಟಳು.

ಮಾತಾಡಿದರೂ ಉಸಿರು ಹೋಗದು ಎಂದು ನಿಯಮ ಬದಲಿಸಿ ಹೊಸ ಕಾರ್ಡು ತಂದುಕೊಟ್ಟೆ. ತಲೆ ಅಲ್ಲಾಡಿಸಿದಳು. ಆಟದ ನಡುವೆ ನಿಯಮ ಬದಲಿಸುವುದು ಮೋಸ ಎಂದು ಕಲಿಸಿದವನು ನಾನೇ ಅಲ್ಲವೇ? ಕೊನೆಗೆ ಪಕ್ಕದಲ್ಲಿ ಕೂರಿಸಿಕೊಂಡು, “ಪುಟ್ಟಾ, ಇದೆಲ್ಲ ಸುಳ್ಳು. ಆಫೀಸಲ್ಲಿ ಕೂತು ನಾನೇ ಹೊಸೆದಿದ್ದು” ಎಂದೆ. ಅವಳು ಹೊಸ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಬರೆದಳು: ‘ಹಾಗಾದ್ರೆ ಅಮ್ಮಂಗೆ ನಿಜವಾದ್ದು ಏನಿದೆ?’

ಆ ಕಾರ್ಡನ್ನು ಜೇಬಿಗಿಟ್ಟುಕೊಂಡೆ. ನಿನ್ನೆ ಡಾಕ್ಟರ ಫೋನು ಬಂತು. ಇನ್ನು ಯಾವ ಔಷಧಿಯೂ ನಾಟುವುದಿಲ್ಲ ಎಂದರು. ನಿನಗೂ ಹೇಳಿದ್ದಾರಂತೆ. ನನ್ನ ಹತ್ತಿರ ಮಾತ್ರ ‘ಮುಂದಿನ ತಿಂಗಳು ಮನೆಗೆ ಬರ್ತೀನಿ’ ಎನ್ನುತ್ತಿದ್ದೆಯಲ್ಲ, ಕಳ್ಳಿ.

ಅವಳ ದನಿ ಕೇಳಬೇಕೆಂಬ ನಿನ್ನ ಆಸೆಯನ್ನು ನಾನೇ ಕಿತ್ತುಕೊಂಡಂತಾಯಿತು. ಭಾನುವಾರ ಕರೆತರುತ್ತೇನೆ. ಪಕ್ಕದಲ್ಲಿ ಕೂರುತ್ತಾಳೆ, ಕೈ ಹಿಡಿಯುತ್ತಾಳೆ, ಮಾತಾಡುವುದಿಲ್ಲ. ಒತ್ತಾಯ ಮಾಡಬೇಡ. ಬಾಯಿ ಬಿಟ್ಟ ಮೇಲೆ ನಿನಗೇನಾದರೂ ಆದರೆ, ತನ್ನಿಂದಲೇ ಎಂದುಕೊಳ್ಳುತ್ತಾಳೆ. ಬಾಯಿ ಬಿಡದೆಯೂ ಆಗಿಬಿಟ್ಟರೆ ಏನೆಂದುಕೊಳ್ಳುತ್ತಾಳೋ, ಅದನ್ನು ಯೋಚಿಸುವ ಧೈರ್ಯ ನನಗಿಲ್ಲ.

ನಿನ್ನ ನೋವು ಕಡಿಮೆಯಾಗಲಿ. ಕಣ್ತುಂಬ ನಿದ್ದೆ ಬರಲಿ.

ನಿನ್ನ
‘ರೀ’

ತಾ.ಕ.: ಫೋನು ಬಿಟ್ಟು ಕಾಗದ ಯಾಕೆಂದು ಹೇಳುತ್ತೇನೆ ಎಂದಿದ್ದೆನಲ್ಲ. ಡಾಕ್ಟರ ಜೊತೆ ಮಾತಾಡಿ ಫೋನಿಟ್ಟ ಮೇಲೆ ನಾನೂ ಬಾಯಿ ಬಿಟ್ಟಿಲ್ಲ. ಗಂಟಲು ಕೆಟ್ಟಿದೆ ಎಂದು ಆಫೀಸಿನಲ್ಲಿ ಚೀಟಿ ತೋರಿಸುತ್ತಿದ್ದೇನೆ. ಮೌನಿ ಎಲ್ಲೂ ಇಲ್ಲ ಎಂದು ಅವನನ್ನು ಬರೆದ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಭಾನುವಾರ ನಾವಿಬ್ಬರೂ ಸುಮ್ಮನೆ ಕೂತಿರುತ್ತೇವೆ. ನೀನೇ ಏನಾದರೂ ಮಾತಾಡು.