ನಲವತ್ತು ಮಿಸ್ಡ್ ಕಾಲ್

ದೆಹಲಿ, ಸೋಮವಾರ

ಅವ್ವಾ,

ಈ ಕಾರ್ಡನ್ನು ಅಂಚೆಯವರೂ ಓದುತ್ತಾರೆ, ಓದಲಿ. ಉಗ್ರರನ್ನು ಪತ್ತೆ ಹಚ್ಚುವ ನಮ್ಮ ಕಚೇರಿಯ ಗೋಡೆ ತುಂಬ ಒಂದು ಜಾಲದ ಚಿತ್ರವಿದೆ. ಒಂದೊಂದು ಫೋನಿಗೆ ಒಂದು ಚುಕ್ಕೆ, ಕರೆಗೊಂದು ಗೆರೆ. ನಡುವಿನ ಚುಕ್ಕೆ ದಿನಾ ಬೆಳಗಿನ ಐದಕ್ಕೆ ನಲವತ್ತು ಜನರಿಗೆ ಮಿಸ್ಡ್ ಕಾಲ್ ಕೊಡುತ್ತದೆ. “ಇವನೇ ಮುಖಂಡ. ಹಿಡಿದು ತರಲು ಸಹಿ ಹಾಕು” ಎಂದರು ಸಾಹೇಬರು. ನಾನು ಹಾಕಲಿಲ್ಲ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೆಂಗಸರನ್ನು ಕೂಡಿಸುವಾಗ ನೀನು ಹೇಳುವುದಿಲ್ಲವೇ, “ಮುಂಜಾನೆ ಐದಕ್ಕ ಎರಡ್ ಸಲ ರಿಂಗಾತಂದ್ರ ಗಾಡಿ ಬಂತಂತ ತಿಳೀರಿ, ಫೋನ್ ಎತ್ತಬ್ಯಾಡ್ರಿ” ಅಂತ? ಹೆಸರು ಹೇಳದೆ ನಿನ್ನ ಗೆರೆಗಳನ್ನೂ ಬೋರ್ಡಿನ ಮೇಲೆ ಎಳೆದೆ. ನಿನ್ನವು ಅರವತ್ತಾದವು. ಸಾಹೇಬರು ಎದ್ದು ನಿಂತರು: “ಇವನು ಇನ್ನೂ ದೊಡ್ಡವನು! ಯಾರಿವನು?”

“ನಮ್ಮವ್ವ, ಸರ್” ಎಂದೆ.

ಆ ನಲವತ್ತು ಕರೆಯ ಮನುಷ್ಯನ ಕೆಲಸವೇನೆಂದು ಮೊದಲು ಅವನ ಊರಲ್ಲಿ ವಿಚಾರಿಸುವ ಹೊಣೆ ಈಗ ನನ್ನ ಕೊರಳಿಗೇ ಬಿದ್ದಿದೆ, ಬೀಳಲಿ. ನಾಳೆ ಹೊರಡುತ್ತೇನೆ. ಇಲ್ಲಿಯ ಹೊಗೆಗೆ ಕೆಮ್ಮು ಹತ್ತಿದೆ, ಮಾತ್ರೆ ತೆಗೆದುಕೊಂಡಿದ್ದೇನೆ. ಕಾರ್ಡು ತುಂಬಿತು.

ನೀನು ಮಾತ್ರ ಐದಕ್ಕೆ ರಿಂಗ್ ಕೊಡುವುದನ್ನು ಬಿಡಬೇಡ.

ನಿನ್ನ ಶೈಲಶ್ರೀ