ಒಂದು ‘ಹ’ದ ವಿಚಾರಣೆ

೩-೩-೧೯೫೮, ಸೋಮವಾರ

ಬೆಳಿಗ್ಗೆಯೇ ತಲೆ ಕೆಟ್ಟಿತು. ಎಣ್ಣೆ ಕೋಣೆಯ ಆಳು ಜವರಪ್ಪನನ್ನು ಎಷ್ಟೊತ್ತಿಗೆ ಬಂದೆ ಅಂತ ಕೇಳಿದರೆ “ಅತ್ತು ಗಂಟೆಗೆ ಸ್ವಾಮಿ” ಅಂತಾನೆ. ಯಾರು ಅತ್ತರೋ ಅಂದೆ. ಹಲ್ಲು ಕಿರಿದ. ಒಂದು ‘ಹ’ ಅನ್ನಲಿಕ್ಕೆ ಈ ಜನಕ್ಕೆ ಏನು ದೊಡ್ಡ ರೋಗವೋ. ಈ ಊದುಬತ್ತಿ ಕಾರ್ಖಾನೆಯಲ್ಲಿ ಹೆಡ್‌ ಕ್ಲಾರ್ಕ್ ಆಗಿ ಹದಿನೇಳು ವರ್ಷ. ಇವರ ಅರ್ಜಿ ತಿದ್ದೀ ತಿದ್ದೀ ಸಾಕಾಗಿದೆ.

ಸಂಜೆ ೫. ಎಣ್ಣೆ ಕೋಣೆಯಲ್ಲಿ ರಂಪ. ಮೇಸ್ತ್ರಿ ಪ್ರಭುಸ್ವಾಮಿಗೆ ತಲೆಯ ಹಿಂದೆ ಪೆಟ್ಟು, ಮೂರು ಹೊಲಿಗೆ. ಜವರಪ್ಪ ಹಿಂದಿನಿಂದ ಹೊಡೆದನಂತೆ. ಗಲಾಟೆಯಲ್ಲಿ ಗಂಧದೆಣ್ಣೆ ಜಾಡಿಯೂ ಹೋಯಿತಂತೆ. ಮೇಸ್ತ್ರಿ ಬಂದು ನನ್ನ ಮುಂದೆ ಕೂತ — ಕೋಟಿನ ಬೆನ್ನೆಲ್ಲ ಎಣ್ಣೆ. ಆಸಾಮಿ ಚಾಡಿಕೋರ, ಆದರೂ ಘಮಘಮ.

ವಿಚಾರಣೆ ನನ್ನ ತಲೆಗೆ. “ಬೇಗ ಮುಗಿಸಿ ರಾಯರೇ” ಅಂದ ಮ್ಯಾನೇಜರ್. ಮೊನ್ನೆ ಮೊನ್ನೆ ಮೀಸೆ ಬಂದವನು, ನನಗೆ ಆರ್ಡರ್.

೫-೩-೧೯೫೮, ಬುಧವಾರ

ವಿಚಾರಣೆ ಮುಗಿಸಿದೆ. ಅರ್ಧ ಗಂಟೆ. ಎಣ್ಣೆ ಕೋಣೆಗೆ ಹೋಗಲಿಲ್ಲ, ಆ ವಾಸನೆಗೆ ತಲೆನೋವು ಬರುತ್ತೆ. ಹೋಗುವ ಅಗತ್ಯವೂ ಬೀಳಲಿಲ್ಲ. ಅವನೇ ಒಪ್ಪಿಕೊಂಡ.

ಮೇಸ್ತ್ರಿಗೆ ಪೆಟ್ಟಾದದ್ದು ಹೇಗೆ ಅಂತ ಕೇಳಿದೆ. “ನಾನ್ ಒಡ್ದಿದ್ಕೇ ಆಗಿದ್ದು ಸ್ವಾಮಿ. ತಪ್ಪಾಯ್ತು.” ಶುದ್ಧ ಕನ್ನಡದಲ್ಲಿ ಬರೆದುಕೊಂಡೆ — ‘ನಾನು ಹೊಡೆದದ್ದರಿಂದಲೇ ಆದದ್ದು.’ ಗಟ್ಟಿಯಾಗಿ ಓದಿ ಹೇಳಿದೆ. ಸರೀನಾ ಅಂದೆ. “ಊಂ ಸ್ವಾಮಿ, ಅದೇ ನಾನೇಳಿದ್ದು.” ಹೆಬ್ಬೆಟ್ಟು ಒತ್ತಿಸಿಕೊಂಡೆ. ಹೀಗಿರಬೇಕು ವಿಚಾರಣೆ ಅಂದರೆ. ಯಾರೂ ಬೆರಳಿಟ್ಟು ತೋರಿಸುವಂತಿಲ್ಲ.

೧೦-೩-೧೯೫೮, ಸೋಮವಾರ

ಡಿಸ್‌ಮಿಸ್. ಆರ್ಡರ್ ಕೊಟ್ಟೆ. ಕಾಗದ ತಲೆಕೆಳಗಾಗಿ ಹಿಡಿದು ನಿಂತಿದ್ದ. ಹೊಡೆಯುವಾಗ ಇದ್ದ ಪೌರುಷ ಎಲ್ಲಿ ಹೋಯಿತೋ. ಮೇಸ್ತ್ರಿ ತನ್ನ ಭಾಮೈದನನ್ನು ಆ ಜಾಗಕ್ಕೆ ತರುತ್ತಾನಂತೆ. ತರಲಿ. ಎಲ್ಲ ಒಂದೇ ಹಿಂಡು.

೨-೪-೧೯೫೮, ಬುಧವಾರ

ಕಾಫಿ ಕುಡಿಯುತ್ತಿದ್ದೆ. ಜವರಪ್ಪನ ಹೆಂಡತಿ ದೇವಿರಮ್ಮ ಲಕ್ಷ್ಮೀಪುರಂನಲ್ಲಿ ನಮ್ಮ ಮನೆ ಹುಡುಕಿಕೊಂಡು ಬಾಗಿಲಿಗೇ ಬಂದಳು. ಮೂರು ವಾರದಿಂದ ಗಂಡನಿಗೆ ಎಲ್ಲೂ ಕೆಲಸವಿಲ್ಲ. ‘ಹೊಡೆಯೋ ಆಳು’ ಅಂತ ಯಾರೂ ಸೇರಿಸೋಲ್ಲವಂತೆ. ನಾನು ಎದ್ದು ಒಳಗೆ ಹೊರಟೆ. ಬೆನ್ನ ಹಿಂದೆ ಅಂದಳು:

“ಜಾಡಿ ಒಡ್ದ ಅಂತ ಒಟ್ಟೆ ಮ್ಯಾಲೆ ಒಡ್ದ್‌ಬುಟ್ರಲ್ಲ ಸ್ವಾಮಿ.”

‘ಹೊಟ್ಟೆ’, ‘ಹೊಡೆದು’ ಅಂತ ತಿದ್ದಲು ಬಾಯಿ ತೆರೆದೆ, ಚಾಳಿ. ಮೊದಲನೆಯ ‘ಒಡ್ದ’ಕ್ಕೆ ಬಂದು ನಾಲಗೆ ನಿಂತಿತು.

“ಮೇಸ್ತ್ರಿಗೆ ಹೊಡೆಯಲಿಲ್ಲವಾ?”

“ಅವ್ರ್‌ಗ್ಯಾರ್ ಒಡೀತಾರೆ? ಚೆಲ್ಲಿದ್ದ ಎಣ್ಣೆ ಮ್ಯಾಲೆ ಜಾರಿ ಅಂಗಾತ ಬಿದ್ರಂತೆ.”

ಮೇಸ್ತ್ರಿಯ ಕೋಟಿನ ಬೆನ್ನ ಮೇಲಿನ ಎಣ್ಣೆ. ಮೂಗಿನ ಮುಂದೆಯೇ ಇತ್ತಲ್ಲ... ಕಾಫಿ ಆರಿಹೋಯಿತು. ಅವಳ ಮೇಲೆ ಸಿಟ್ಟು ಬಂತು, ಯಾಕೆ ಬಂತೋ. ಹೋಗಮ್ಮ, ನೋಡ್ತೀನಿ ಅಂದೆ.

೭-೪-೧೯೫೮, ಸೋಮವಾರ

ನಾಲ್ಕು ದಿನ ಸುಮ್ಮನಿದ್ದೆ. ಹೇಡಿತನ, ಬೇರೇನಲ್ಲ. ಇವತ್ತು ಜವರಪ್ಪನನ್ನು ಕರೆಸಿ ಮ್ಯಾನೇಜರ್ ಮುಂದೆ ನಿಲ್ಲಿಸಿದೆ. ಮ್ಯಾನೇಜರ್ ಫೈಲು ನೋಡಿ ಗದರಿದ — “ಮೇಸ್ತ್ರಿಗೆ ಪೆಟ್ಟಾದದ್ದು ನೀನು ಹೊಡೆದದ್ದರಿಂದ ತಾನೇ?”

“ಊಂ ಸ್ವಾಮಿ. ನಾನ್ ಒಡ್ದಿದ್ಕೇ.”

“ಇನ್ನೇನು ಬೇಕು ರಾಯರೇ?”

ಆಗ ಕೇಳಿದೆ. ಅವತ್ತೇ ಕೇಳಬೇಕಾಗಿದ್ದ ಒಂದೇ ಒಂದು ಮಾತು. “ಏನನ್ನ ಒಡ್ದೆ, ಜವರಪ್ಪ?” ನನ್ನ ಬಾಯಲ್ಲೇ ‘ಹ’ ಇರಲಿಲ್ಲ.

“ಜಾಡೀನ ಸ್ವಾಮಿ. ಇನ್ನೇನ್ನ?” ನನಗೇ ತಲೆ ಕೆಟ್ಟಿದೆ ಅನ್ನುವ ಹಾಗೆ ನೋಡಿದ.

ಅವನನ್ನು ಆಚೆ ಕಳಿಸಿ ಮ್ಯಾನೇಜರ್ ಬಾಗಿಲು ಹಾಕಿದ. ಜಾಡಿ ಒಡೆದದ್ದಕ್ಕೆ ಡಿಸ್‌ಮಿಸ್ ಇಲ್ಲ, ನಿಜ ಅಂದ. ಆದರೆ ಆರ್ಡರ್ ಹೋಗಿ ತಿಂಗಳಾಗುತ್ತ ಬಂತು, ಮಾಲೀಕರ ಸಹಿ ಬಿದ್ದಿದೆ. “ಬರೆದದ್ದು ತಪ್ಪು ಅಂತ ಕಾಗದ ಕೊಡಿ. ಅವನು ಒಳಗೆ, ನೀವು ಹೊರಗೆ. ಇಲ್ಲವೇ ಬಾಯಿ ಮುಚ್ಚಿಕೊಂಡಿರಿ. ನಾಳೆ ಹತ್ತು ಗಂಟೆ, ಅಷ್ಟೇ.” ಥೂ, ಇವನ ಮುಖಕ್ಕಿಷ್ಟು. ನಗುತ್ತಿದ್ದ.

ಗೇಟಿನಲ್ಲಿ ಜವರಪ್ಪ ಕೈ ಮುಗಿದ. “ಅತ್ತು ಗಂಟೆಗೆ ಬರ್ಲಾ ಸ್ವಾಮಿ?” ತಿದ್ದಲಿಲ್ಲ. ಬಾ ಅಂದೆ.

೮-೪-೧೯೫೮, ಮಂಗಳವಾರ, ಬೆಳಿಗ್ಗೆ ೯-೪೦, ಆಫೀಸು

ಎರಡು ಸಲ ಬರೆದೆ, ಎರಡು ಸಲ ಹರಿದೆ. ನನ್ನಾಕೆ ಗಿರಿಜಾಂಬಾಗೆ ಏನೂ ಹೇಳಿಲ್ಲ. ಪಿಂಚಣಿಗೆ ಇನ್ನು ಮೂರು ವರ್ಷ. ಕಿಟಕಿಯಲ್ಲಿ ಕಾಣಿಸುತ್ತೆ — ಗಂಡ ಹೆಂಡತಿ ಇಬ್ಬರೂ ಗೇಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಾರೆ. ಹಾಳಾದವರು, ಬೇಗ ಬಂದಿದ್ದಾರೆ.

ಮೂರನೇ ಸಲ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಕಾಗದಕ್ಕೆ ಇಳಿಸುತ್ತೇನೆ.

‘ಜವರಪ್ಪ ಹೇಳಿದ್ದು ಒಡೆದೆ ಎಂದು. ಅದಕ್ಕೆ “ಹ” ಸೇರಿಸಿದವನು ನಾನು. ಹೊಡೆದವನೂ ನಾನೇ.’